ಲೆಕ್ಕದಿಂದ ಜಾರಿಹೋಗುವ 36 ಗಂಟೆ: ಕ್ಲೌಡ್‌ಗೆ ಹೊರಟ ವಿಎಂಗಳ ಅಳತೆ

(ಸಿಸ್ಟಂ ಅಡ್ಮಿನ್‌ಗಳ ಕೂಟವೊಂದರಲ್ಲಿ ಆಡಿದ ಮಾತು ಇದು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವವರಲ್ಲಿ ಹೆಚ್ಚಿನವರು ಸರ್ವರ್ ರೂಮ್ ನೋಡಿಕೊಳ್ಳುವವರು. ನಿಮ್ಮಲ್ಲಿ ಹಲವರ ಮುಂದೆ ಈಗ ಒಂದೇ ಕೆಲಸ ಕೂತಿದೆ. ಒಂದೇ ಸರ್ವರ್‌ನಲ್ಲಿ ಹಲವು ಮಷೀನ್ ಓಡಿಸುವ ವಿಎಂವೇರ್ ಸಾಫ್ಟ್‌ವೇರ್ ಮೇಲಿರುವ ವರ್ಚುವಲ್ ಮಷೀನ್‌ಗಳನ್ನು (ವಿಎಂ) ಕ್ಲೌಡ್‌ಗೆ, ಅಂದರೆ ಬಾಡಿಗೆ ಸರ್ವರ್‌ಗಳಿಗೆ, ಒಯ್ಯಬೇಕು. 2023ರ ನವೆಂಬರ್‌ನಲ್ಲಿ ಬ್ರಾಡ್‌ಕಾಮ್ ಕಂಪನಿ ವಿಎಂವೇರ್ ಅನ್ನು ಕೊಂಡಿತು. ಆಮೇಲೆ ಒಮ್ಮೆ ಕೊಂಡರೆ ಮುಗಿಯಿತು ಎನ್ನುವ ಲೈಸೆನ್ಸ್‌ಗಳ ಮಾರಾಟ ನಿಂತು, ಎಲ್ಲ ಚಂದಾ ಲೆಕ್ಕಕ್ಕೆ ಬಂತು. ಆಗಿನಿಂದ ಮ್ಯಾನೇಜ್‌ಮೆಂಟ್ ಕಡೆಯಿಂದ ಈ ಪ್ರಶ್ನೆ ಜಾಸ್ತಿಯಾಗಿದೆ: "ಎಲ್ಲಾ ಕ್ಲೌಡ್‌ಗೆ ಹಾಕಿದ್ರೆ ತಿಂಗಳಿಗೆ ಎಷ್ಟಾಗುತ್ತೆ?"

ಇದಕ್ಕೆ ಉತ್ತರ ಹುಡುಕಲು ಹೆಚ್ಚಿನವರು ಮಾಡುವುದು ಏನು? ಆರ್‌ವಿಟೂಲ್ಸ್ ಎನ್ನುವ ಸಲಕರಣೆ ಓಡಿಸಿ ಎಲ್ಲ ವಿಎಂಗಳ ಪಟ್ಟಿಯನ್ನು ಎಕ್ಸೆಲ್‌ಗೆ ಇಳಿಸುತ್ತಾರೆ. ಯಾವುದಕ್ಕೆ ಎಷ್ಟು ಕೋರ್, ಎಷ್ಟು ಮೆಮೊರಿ ಅಂತ ನೋಡುತ್ತಾರೆ. ಕ್ಲೌಡ್‌ನ ದರಪಟ್ಟಿಯಲ್ಲಿ ಅಷ್ಟೇ ಅಳತೆಯ ಮಷೀನ್ ಹುಡುಕಿ, ತಿಂಗಳ ಬಾಡಿಗೆ ಕೂಡಿಸುತ್ತಾರೆ. ಅರ್ಧ ದಿನದಲ್ಲಿ ಒಂದು ಮೊತ್ತ ಸಿಗುತ್ತದೆ. ಆ ಮೊತ್ತವನ್ನು ನಂಬಬೇಡಿ ಅಂತ ಹೇಳಲು ಇವತ್ತು ಬಂದಿದ್ದೇನೆ.

ಮೊದಲು ಆ ಪಟ್ಟಿಯ ಅಂಕಿಗಳು ಎಲ್ಲಿಂದ ಬಂದವು ಅಂತ ನೋಡೋಣ. ಸ್ವಂತ ಸರ್ವರ್ ಕೊಳ್ಳಲು ನಾಲ್ಕೈದು ವರ್ಷಕ್ಕೊಮ್ಮೆ ದುಡ್ಡು ಸಿಗುತ್ತದೆ. ನಡುವೆ ಕೇಳಿದರೆ ಸಿಗುವ ಖಾತ್ರಿ ಇಲ್ಲ. ಹಾಗಾಗಿ ಎಲ್ಲರೂ ಜಾಸ್ತಿ ಕೇಳುತ್ತಾರೆ. ಸಾಫ್ಟ್‌ವೇರ್ ಮಾರುವವರು ನಾಳೆ ತಮ್ಮ ಮೇಲೆ ಮಾತು ಬರಬಾರದು ಅಂತ ದೊಡ್ಡ ಅಳತೆ ಬರೆದುಕೊಡುತ್ತಾರೆ. ಡೆವಲಪರ್ ಎಂಟು ಕೋರ್ ಕೇಳುತ್ತಾರೆ, ಅಡ್ಮಿನ್ ಕೊಡುತ್ತಾರೆ. ಕೊಟ್ಟದ್ದನ್ನು ಯಾರೂ ವಾಪಸ್ ಕೇಳುವುದಿಲ್ಲ. ವಿಎಂವೇರ್‌ನಲ್ಲಿ ಇದರಿಂದ ದೊಡ್ಡ ತೊಂದರೆಯೂ ಆಗುವುದಿಲ್ಲ. 32 ಕೋರ್‌ಗಳ ಒಂದು ಹೋಸ್ಟ್ (ಅಸಲಿ ಸರ್ವರ್) ಮೇಲೆ ವಿಎಂಗಳಿಗೆ 120 ವಿಸಿಪಿಯು (ವರ್ಚುವಲ್ ಕೋರ್) ಹಂಚಿದ್ದರೂ ಎಲ್ಲ ಓಡುತ್ತವೆ, ಯಾಕಂದ್ರೆ ಎಲ್ಲವೂ ಒಂದೇ ಹೊತ್ತಿಗೆ ದುಡಿಯುವುದಿಲ್ಲ.

ಕ್ಲೌಡ್‌ನಲ್ಲಿ ಈ ಹಂಚಿಕೆಯ ಲಾಭ ನಿಮ್ಮ ಕೈಗೆ ಸಿಗುವುದಿಲ್ಲ. ಅಲ್ಲಿ ಪ್ರತಿ ವಿಎಂಗೂ ಬೇರೆ ಬೇರೆ ಬಾಡಿಗೆ. ಎಕ್ಸೆಲ್ ಪಟ್ಟಿಯನ್ನು ಹಾಗೇ ಒಯ್ದರೆ 32 ಕೋರ್‌ನ ಕೆಲಸಕ್ಕೆ 120ರ ಬಾಡಿಗೆ ಕಟ್ಟುತ್ತೀರಿ. "ಕ್ಲೌಡ್ ತುಂಬಾ ದುಬಾರಿ" ಎನ್ನುವ ಎಷ್ಟೋ ದೂರುಗಳ ಬುಡದಲ್ಲಿ ಇರುವುದು ಇದೇ ಗುಣಾಕಾರ.

ಸರಿ, ಹಾಗಾದರೆ ಅಳೆದು ಹಾಕೋಣ. ನಿಜವಾಗಿ ಎಷ್ಟು ಬಳಕೆಯಾಗುತ್ತಿದೆ ಅಂತ ನೋಡಿ ಅಷ್ಟು ಕೊಡೋಣ. ಇಲ್ಲಿಯವರೆಗೆ ಎಲ್ಲರೂ ಒಪ್ಪುತ್ತಾರೆ. ಕಷ್ಟ ಶುರುವಾಗುವುದು ಇದರ ನಂತರ.

ಮೈಕ್ರೋಸಾಫ್ಟ್‌ನ ಕ್ಲೌಡ್ ಆದ ಅಝೂರ್‌ಗೆ ಹೋಗುವವರಿಗಾಗಿ ಇರುವ ಅಝೂರ್ ಮೈಗ್ರೇಟ್ ಎನ್ನುವ ಸಲಕರಣೆಯನ್ನೇ ತೆಗೆದುಕೊಳ್ಳಿ. ಒಳ್ಳೆಯ ಸಲಕರಣೆ, ನಾನೂ ಬಳಸುತ್ತೇನೆ. ವಿಎಂವೇರ್ ಮೇಲೆ ಅದು 20 ಸೆಕೆಂಡಿಗೊಮ್ಮೆ ಬಳಕೆಯನ್ನು ಓದುತ್ತದೆ. ಪ್ರತಿ 10 ನಿಮಿಷದಲ್ಲಿ ಕಂಡ ಅತಿ ಹೆಚ್ಚಿನ ಅಂಕಿಯನ್ನು ಇಟ್ಟುಕೊಳ್ಳುತ್ತದೆ. ಆಮೇಲೆ ಆ ಅಂಕಿಗಳನ್ನೆಲ್ಲ ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿ 95ನೇ ಪರ್ಸೆಂಟೈಲ್ ಹಿಡಿಯುತ್ತದೆ. ಅಂದರೆ ಮೇಲಿನ ಶೇಕಡಾ 5ನ್ನು ಬದಿಗಿಟ್ಟು, ಉಳಿದವುಗಳಲ್ಲಿ ದೊಡ್ಡದನ್ನು ತೆಗೆದುಕೊಳ್ಳುತ್ತದೆ. ಎಲ್ಲೋ ಒಮ್ಮೆ ಆಂಟಿವೈರಸ್ ಸ್ಕ್ಯಾನ್ ಓಡಿ ಗ್ರಾಫ್ ಮೇಲಕ್ಕೆ ಚಿಮ್ಮಿದರೆ ಅದಕ್ಕೆ ದುಡ್ಡು ಹಾಕಬಾರದು ಎನ್ನುವುದು ಇದರ ಹಿಂದಿನ ಯೋಚನೆ. ತಪ್ಪೇನಿಲ್ಲ.

ಆದರೆ ಒಂದು ಲೆಕ್ಕ ಮಾಡಿ. 30 ದಿನದ ತಿಂಗಳಿಗೆ 720 ಗಂಟೆ. ಅದರ ಶೇಕಡಾ 5 ಅಂದರೆ 36 ಗಂಟೆ. 95ನೇ ಪರ್ಸೆಂಟೈಲ್ ಅನ್ನುವಾಗ ನೀವು ತಿಂಗಳ ಅತಿ ಬಿಡುವಿಲ್ಲದ 36 ಗಂಟೆಗಳನ್ನು ಲೆಕ್ಕದಿಂದ ಹೊರಗೆ ಹಾಕುತ್ತೀರಿ. ಆ 36 ಗಂಟೆ ಯಾವುದು?

ಒಂದು ವ್ಯಾಪಾರಿ ಸಂಸ್ಥೆಯ ಅಕೌಂಟ್ಸ್ ವಿಭಾಗವನ್ನು ನೆನಪಿಸಿಕೊಳ್ಳಿ. ತಿಂಗಳಿಗೊಮ್ಮೆ ರಿಟರ್ನ್ ಸಲ್ಲಿಸುವವರಿಗೆ ಜಿಎಸ್‌ಟಿಆರ್-1ಕ್ಕೆ 11ನೇ ತಾರೀಖು ಕೊನೆ. ಜಿಎಸ್‌ಟಿಆರ್-3ಬಿಗೆ 20ನೇ ತಾರೀಖು. 18, 19, 20 ಈ ಮೂರು ದಿನ ಎಲ್ಲರೂ ರಾತ್ರಿವರೆಗೂ ಕೂತು ಬಿಲ್ ತಾಳೆ ನೋಡುತ್ತಾರೆ, ದೊಡ್ಡ ದೊಡ್ಡ ರಿಪೋರ್ಟ್ ಓಡಿಸುತ್ತಾರೆ. ದಿನಕ್ಕೆ 12 ಗಂಟೆ ಅಂದರೂ ಮೂರು ದಿನಕ್ಕೆ 36 ಗಂಟೆ. ಆ ಸರ್ವರ್ ಯಾವ ಕೆಲಸಕ್ಕಾಗಿ ಇದೆಯೋ ಅದೇ ಕೆಲಸದ ಹೊತ್ತು ಅಂಕಿಯಿಂದ ಜಾರಿಹೋಯಿತು. ಇದು ಒಂದು ತಿಂಗಳ ದಾಖಲೆ ತೆಗೆದುಕೊಂಡಾಗಿನ ಮಾತು. ಸೆಟ್ಟಿಂಗ್ ಬದಲಿಸದೆ ಬಿಟ್ಟರೆ ಆ ಸಲಕರಣೆ ಒಂದೇ ದಿನದ ದಾಖಲೆ ನೋಡುತ್ತದೆ. ಆ ದಿನ 5ನೇ ತಾರೀಖಾಗಿದ್ದರೆ 20ನೇ ತಾರೀಖಿನ ಸುಳಿವೇ ಇರುವುದಿಲ್ಲ.

ಅಂಕಿ ಹಾಕಿ ನೋಡೋಣ. ಲೆಕ್ಕ ಸುಲಭವಾಗಲಿ ಅಂತ ನಾನೇ ಆರಿಸಿಕೊಂಡ ಅಂಕಿಗಳಿವು. ಇಆರ್‌ಪಿಯ (ಸಂಸ್ಥೆಯ ಲೆಕ್ಕ, ಸ್ಟಾಕ್ ಎಲ್ಲ ನೋಡಿಕೊಳ್ಳುವ ಸಾಫ್ಟ್‌ವೇರ್) ಡೇಟಾಬೇಸ್ ವಿಎಂ ಒಂದಕ್ಕೆ 16 ವಿಸಿಪಿಯು ಇದೆ. 95ನೇ ಪರ್ಸೆಂಟೈಲ್‌ನಲ್ಲಿ ಬಳಕೆ ಶೇಕಡಾ 18. ಅಂದರೆ ಸುಮಾರು 2.9 ಕೋರ್. ಇರಲಿ ಅಂತ ಶೇಕಡಾ 30 ಸೇರಿಸಿದರೆ 3.7. ಸಲಕರಣೆ 4 ವಿಸಿಪಿಯು ಸಾಕು ಅನ್ನುತ್ತದೆ. 20ನೇ ತಾರೀಖು ಮಧ್ಯಾಹ್ನದ ಬಳಕೆ ಶೇಕಡಾ 55, ಅಂದರೆ 8.8 ಕೋರ್. ನಾಲ್ಕರ ಮೇಲೆ ಆ ಮಧ್ಯಾಹ್ನ ದಾಟುವುದಿಲ್ಲ. ಫೋನ್ ಬರುತ್ತದೆ. ಗಾಬರಿಯಲ್ಲಿ ಯಾರೋ ಮತ್ತೆ 16ಕ್ಕೆ ಏರಿಸುತ್ತಾರೆ. ಆಮೇಲೆ ಅದನ್ನು ಇಳಿಸುವ ಧೈರ್ಯ ಯಾರಿಗೂ ಬರುವುದಿಲ್ಲ. ಇದು ನನಗೆ ನಿಜವಾಗಿಯೂ ಬೇಸರ ತರುವ ವಿಷಯ. ಅಳೆದದ್ದೇ ತಪ್ಪಾಯಿತು ಎನ್ನುವ ಭಾವನೆ ತಂಡದಲ್ಲಿ ಕೂತುಬಿಡುತ್ತದೆ.

ಹಾಗಾದರೆ ಸರಿಯಾದ ಉತ್ತರ 16 ಅಲ್ಲ, 4 ಅಲ್ಲ. ಹಳೆಯ ಪ್ರೊಸೆಸರ್‌ನ 8.8 ಕೋರ್ ಕೆಲಸವನ್ನು ಹೊಸ ತಲೆಮಾರಿನ 8 ವಿಸಿಪಿಯು ಹೊರುವ ಸಾಧ್ಯತೆ ಇದೆ. ಅದನ್ನು ಲೋಡ್ ಟೆಸ್ಟ್ ಮಾಡಿ, ಅಂದರೆ ಅಷ್ಟೇ ಕೆಲಸ ಹೊರಿಸಿ ನೋಡಿ, ತಿಳಿಯಬೇಕು. ಇನ್ನೊಂದು ದಾರಿಯೂ ಇದೆ. ತಿಂಗಳ ಉಳಿದ ದಿನ 4ರಲ್ಲಿ ಓಡಿಸಿ, 17ನೇ ತಾರೀಖು ರಾತ್ರಿ 8ಕ್ಕೆ ಏರಿಸಿ, 21ಕ್ಕೆ ಇಳಿಸುವುದು. ಮಷೀನ್ ನಿಲ್ಲಿಸಿ, ಅಳತೆ ಬದಲಿಸಿ, ಮತ್ತೆ ಶುರು ಮಾಡಲು ಕೆಲವು ನಿಮಿಷ ಸಾಕು. ದೀಪಾವಳಿಗೆ ಕೆಎಸ್‌ಆರ್‌ಟಿಸಿ ಹೆಚ್ಚುವರಿ ಬಸ್ ಬಿಡುತ್ತದಲ್ವಾ? ಆ ನಾಲ್ಕು ದಿನದ ಜನರನ್ನು ನೋಡಿ ವರ್ಷವಿಡೀ ಅಷ್ಟು ಬಸ್ ಓಡಿಸುವುದಿಲ್ಲ. ವರ್ಷದ ಸರಾಸರಿ ನೋಡಿ ಹಬ್ಬದ ಹಿಂದಿನ ರಾತ್ರಿ ಜನರನ್ನು ಮೆಜೆಸ್ಟಿಕ್‌ನಲ್ಲಿ ನಿಲ್ಲಿಸುವುದೂ ಇಲ್ಲ.

ಒಂದು ತಿಂಗಳು ಅಳೆದರೂ ಸಿಗದ ಹೊತ್ತುಗಳಿವೆ. ಮಾರ್ಚ್ 31ರ ವರ್ಷಾಂತ್ಯ, ಕಾಲೇಜಿನಲ್ಲಿ ಅಡ್ಮಿಷನ್, ರಿಸಲ್ಟ್ ಬರುವ ದಿನ. ಇವು ಯಾವ ಗ್ರಾಫ್‌ನಲ್ಲೂ ಕಾಣುವುದಿಲ್ಲ, ಜನರ ನೆನಪಿನಲ್ಲಿ ಇರುತ್ತವೆ. ಆದ್ದರಿಂದ ಅಳತೆ ಶುರು ಮಾಡುವ ಮೊದಲು ಅಕೌಂಟ್ಸ್‌ನವರ ಹತ್ತಿರ, ಪರೀಕ್ಷಾ ವಿಭಾಗದವರ ಹತ್ತಿರ, ಗೋಡೌನ್‌ನವರ ಹತ್ತಿರ ಹೋಗಿ ಕೂತುಕೊಳ್ಳಿ. "ನಿಮಗೆ ವರ್ಷದಲ್ಲಿ ತಲೆ ಎತ್ತಲೂ ಪುರುಸೊತ್ತಿಲ್ಲದ ದಿನ ಯಾವುದು?" ಅಂತ ಕೇಳಿ. ಈ ಅಳತೆ ಕೆಲಸದ ಅತಿ ಮುಖ್ಯ ದಾಖಲೆ ಆ ಉತ್ತರವೇ. ಅದನ್ನು ವಿಎಂ ಹೆಸರಿನ ಪಕ್ಕದ ಕಾಲಂನಲ್ಲಿ ಬರೆದಿಡಿ.

ಸಿಪಿಯು ಬಗ್ಗೆ ಇಷ್ಟು ಸಾಕು. ನಿಜ ಹೇಳಬೇಕೆಂದರೆ, ನಾನು ನೋಡಿದ ಹೆಚ್ಚಿನ ಕಡೆ ಸಿಪಿಯು ಸಮಸ್ಯೆಯಾಗುವುದಕ್ಕಿಂತ ಮೊದಲು ಮೆಮೊರಿ ಅಥವಾ ಡಿಸ್ಕ್ ಸಮಸ್ಯೆಯಾಗುತ್ತದೆ.

ಮೆಮೊರಿಯನ್ನು ಅಳೆಯುವುದು ಕಷ್ಟ, ಯಾಕಂದ್ರೆ ಎಷ್ಟೋ ಸಾಫ್ಟ್‌ವೇರ್ ಸಿಕ್ಕಷ್ಟನ್ನು ಹಿಡಿದುಕೊಳ್ಳುತ್ತದೆ. ಎಸ್‌ಕ್ಯುಎಲ್ ಸರ್ವರ್ ಎನ್ನುವ ಡೇಟಾಬೇಸ್ ಸಾಫ್ಟ್‌ವೇರ್‌ಗೆ ಮಿತಿ ಹಾಕದಿದ್ದರೆ ಅದು ಡೇಟಾವನ್ನು ನೆನಪಿನಲ್ಲಿ ಇಟ್ಟುಕೊಳ್ಳುತ್ತಾ ಇರುವಷ್ಟು ಮೆಮೊರಿಯನ್ನು ತುಂಬಿಸುತ್ತದೆ. ಲಿನಕ್ಸ್ ಕೂಡ ಖಾಲಿ ಮೆಮೊರಿಯನ್ನು ಫೈಲ್ ಕ್ಯಾಶ್‌ಗೆ (ಓದಿದ ಫೈಲ್‌ಗಳನ್ನು ಮತ್ತೆ ಬೇಗ ಸಿಗಲಿ ಅಂತ ಇಟ್ಟುಕೊಳ್ಳಲು) ಬಳಸುತ್ತದೆ. ಫ್ರೀ ಕಮಾಂಡ್ ಕೊಟ್ಟಾಗ "ಫ್ರೀ" ಕಾಲಂ ನೋಡಿ ಗಾಬರಿಯಾಗಬೇಡಿ, "ಅವೈಲಬಲ್" ಕಾಲಂ ನೋಡಿ. ವಿಎಂವೇರ್ ಎರಡು ಅಂಕಿ ತೋರಿಸುತ್ತದೆ. "ಕನ್ಸ್ಯೂಮ್ಡ್" ಅನ್ನುವುದು ಒಮ್ಮೆ ಮುಟ್ಟಿದ್ದನ್ನೆಲ್ಲ ಎಣಿಸುತ್ತದೆ, ಹಾಗಾಗಿ ತುಂಬಾ ಜಾಸ್ತಿ. "ಆಕ್ಟಿವ್" ಅನ್ನುವುದು ಈಚೆಗೆ ಮುಟ್ಟಿದ ಪುಟಗಳ ಅಂದಾಜು, ಹಾಗಾಗಿ ತುಂಬಾ ಕಡಿಮೆ. ಡೇಟಾಬೇಸ್‌ಗೆ "ಆಕ್ಟಿವ್" ನೋಡಿ ಮೆಮೊರಿ ಕೊಟ್ಟರೆ ಕ್ಯಾಶ್ ಹೋಗುತ್ತದೆ, ಕ್ಯಾಶ್‌ನಲ್ಲಿ ಸಿಗುತ್ತಿದ್ದದ್ದೆಲ್ಲ ಡಿಸ್ಕ್‌ಗೆ ಬೀಳುತ್ತದೆ.

ನಂಬಬಹುದಾದ ದಾರಿ ಒಂದಿದೆ. ಇಲ್ಲೇ, ಒಯ್ಯುವ ಮೊದಲೇ, ಎಸ್‌ಕ್ಯುಎಲ್ ಸರ್ವರ್‌ನ ಮ್ಯಾಕ್ಸ್ ಮೆಮೊರಿ ಮಿತಿಯನ್ನು ಸ್ವಲ್ಪ ಸ್ವಲ್ಪ ಇಳಿಸುತ್ತಾ ಹೋಗಿ. 64 ಜಿಬಿ ಇದ್ದರೆ 56 ಮಾಡಿ ಒಂದು ವಾರ ನೋಡಿ. ಡಿಸ್ಕ್ ಓದುವಿಕೆ ಏರಲಿಲ್ಲವಾ? 48 ಮಾಡಿ. ಏರಲು ಶುರುವಾದ ಜಾಗದಲ್ಲಿ ನಿಲ್ಲಿ. ಜಾವಾ ಅಪ್ಲಿಕೇಶನ್ ಆದರೆ ಗಾರ್ಬೇಜ್ ಕಲೆಕ್ಷನ್ (ಬೇಡದ ಡೇಟಾ ತೆಗೆಯುವ ಕೆಲಸ) ಮುಗಿದ ಮೇಲೆ ಹೀಪ್‌ನಲ್ಲಿ, ಅಂದರೆ ಅದರ ಮೆಮೊರಿಯಲ್ಲಿ, ಎಷ್ಟು ಉಳಿಯುತ್ತದೆ ಅಂತ ಲಾಗ್ ಹೇಳುತ್ತದೆ. ನಿಧಾನದ ಕೆಲಸ, ಆದರೆ ಇಲ್ಲಿ ಸಿಕ್ಕ ಅಂಕಿಯಿಂದಲೇ ಮಷೀನ್‌ನ ಜಾತಿ ತೀರ್ಮಾನವಾಗುತ್ತದೆ. ಅಮೆಜಾನ್‌ನ ಕ್ಲೌಡ್‌ನಲ್ಲಿ ಒಂದು ವಿಸಿಪಿಯುಗೆ ಸಿ ಸಾಲಿನಲ್ಲಿ 2 ಜಿಬಿ, ಎಂ ಸಾಲಿನಲ್ಲಿ 4 ಜಿಬಿ, ಆರ್ ಸಾಲಿನಲ್ಲಿ 8 ಜಿಬಿ ಮೆಮೊರಿ ಬರುತ್ತದೆ. 4 ಕೋರ್ ಸಾಕು, 32 ಜಿಬಿ ಬೇಕು ಅಂದರೆ ಆರ್ ಸಾಲಿನ ಸಣ್ಣ ಮಷೀನ್ ಸಾಕು. ಇದು ಗೊತ್ತಿಲ್ಲದೆ ಮೆಮೊರಿಗಾಗಿ ಎಂ ಸಾಲಿನಲ್ಲಿ 8 ಕೋರ್ ತೆಗೆದುಕೊಂಡವರು ಬೇಕಾದಷ್ಟಿದ್ದಾರೆ.

ಈಗ ಡಿಸ್ಕ್. ದಯವಿಟ್ಟು ಇದನ್ನು ಗಮನ ಕೊಟ್ಟು ಕೇಳಿ.

ನಮ್ಮ ಸರ್ವರ್ ರೂಮಿನ ಸ್ಟೋರೇಜ್ ಎಲ್ಲ ವಿಎಂಗಳಿಗೂ ಸೇರಿದ್ದು. ಒಂದು ವಿಎಂಗೆ ಅವಸರ ಬಿದ್ದಾಗ ಅದು ಪೂರ್ತಿ ವೇಗ ಎಳೆದುಕೊಳ್ಳುತ್ತದೆ. ಕ್ಲೌಡ್‌ನಲ್ಲಿ ಪ್ರತಿ ಡಿಸ್ಕ್‌ಗೂ ಮಿತಿ ಇದೆ. ಸೆಕೆಂಡಿಗೆ ಎಷ್ಟು ಸಲ ಓದಬಹುದು, ಬರೆಯಬಹುದು ಎನ್ನುವುದು ಒಂದು ಮಿತಿ, ಅದನ್ನು ಐಒಪಿಎಸ್ ಅನ್ನುತ್ತೇವೆ. ಸೆಕೆಂಡಿಗೆ ಎಷ್ಟು ಎಂಬಿ ಎನ್ನುವುದು ಇನ್ನೊಂದು. ಅಮೆಜಾನ್‌ನ ಹಳೆಯ ಜಿಪಿ2 ಡಿಸ್ಕ್‌ನಲ್ಲಿ ಒಂದು ಜಿಬಿಗೆ 3 ಐಒಪಿಎಸ್. 100 ಜಿಬಿ ಡಿಸ್ಕ್ ಅಂದರೆ ಸದಾ ಸಿಗುವುದು ಬರೀ 300. 2020ರ ಕೊನೆಗೆ ಬಂದ ಜಿಪಿ3ಯಲ್ಲಿ ಡಿಸ್ಕ್ ಎಷ್ಟೇ ಸಣ್ಣದಿರಲಿ 3000 ಐಒಪಿಎಸ್ ಮತ್ತು ಸೆಕೆಂಡಿಗೆ 125 ಎಂಬಿ ಸಿಗುತ್ತದೆ. ಹೆಚ್ಚು ಬೇಕಾದರೆ ಬೇರೆಯಾಗಿ ಕೊಳ್ಳಬಹುದು. ಈಗಲೂ ಹಳೆಯ ಟೆಂಪ್ಲೇಟ್‌ಗಳಲ್ಲಿ ಜಿಪಿ2 ಉಳಿದಿರುತ್ತದೆ, ನೋಡಿಕೊಳ್ಳಿ.

ಇಷ್ಟು ಹೆಚ್ಚಿನವರಿಗೆ ಗೊತ್ತು. ಎಡವುವುದು ಮುಂದಿನದರಲ್ಲಿ. ಡಿಸ್ಕ್‌ಗೆ ಮಿತಿ ಇರುವ ಹಾಗೆ ವಿಎಂಗೂ ಒಂದು ಮಿತಿ ಇದೆ. ಅಝೂರ್‌ನ ಡಿ4ಎಸ್ ವಿ3 ಮಷೀನ್‌ನಲ್ಲಿ 4 ವಿಸಿಪಿಯು, 16 ಜಿಬಿ ಮೆಮೊರಿ. ಕ್ಯಾಶ್ ಇಲ್ಲದ ಡಿಸ್ಕ್‌ಗಳಿಗೆ ಅದು ಸದಾ ಸಾಗಿಸುವುದು ಒಟ್ಟು ಸೆಕೆಂಡಿಗೆ 96 ಎಂಬಿ ಮಾತ್ರ. ಅದಕ್ಕೆ 200 ಎಂಬಿ ವೇಗದ ಪಿ30 ಡಿಸ್ಕ್ ಜೋಡಿಸಿದರೆ ಡಿಸ್ಕ್‌ಗೆ ಕೊಟ್ಟ ದುಡ್ಡಿನ ಅರ್ಧಕ್ಕಿಂತ ಜಾಸ್ತಿ ದಂಡ. ಡಿಸ್ಕ್ ಗ್ರಾಫ್ ನೋಡಿದರೆ ಆರಾಮಾಗಿದೆ, ಸಿಪಿಯು ಗ್ರಾಫ್ ಆರಾಮಾಗಿದೆ, ಆದರೂ ಅಪ್ಲಿಕೇಶನ್ ತೆವಳುತ್ತಿದೆ. ಕಾರಣ ಎರಡರ ನಡುವೆ ಇದೆ.

ಅಮೆಜಾನ್‌ನ ಸಣ್ಣ ಮಷೀನ್‌ಗಳಲ್ಲಿ ಇದು ಇನ್ನೂ ನಯವಾಗಿ ಮೋಸ ಮಾಡುತ್ತದೆ. ಎಂ5.ಲಾರ್ಜ್‌ಗೆ ಡಿಸ್ಕ್ ಕಡೆಗೆ ಗರಿಷ್ಠ 4750 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್, 8 ಬಿಟ್‌ಗೆ ಒಂದು ಬೈಟ್) ಅಂತ ಬರೆದಿರುತ್ತದೆ. ಅದು ಸೆಕೆಂಡಿಗೆ 590 ಮೆಗಾಬೈಟ್‌ಗಿಂತ ಜಾಸ್ತಿ. ಆದರೆ ಈ ವೇಗಕ್ಕೆ ಕೊಟ್ಟಿರುವ ಭರವಸೆ 24 ಗಂಟೆಯಲ್ಲಿ ಒಮ್ಮೆ, 30 ನಿಮಿಷದ ಮಟ್ಟಿಗೆ. ಸದಾ ಸಿಗುವುದು 650 ಎಂಬಿಪಿಎಸ್, ಸೆಕೆಂಡಿಗೆ ಸುಮಾರು 81 ಮೆಗಾಬೈಟ್. ಹತ್ತು ನಿಮಿಷ ಟೆಸ್ಟ್ ಮಾಡಿದವರಿಗೆ ಇದು ಕಾಣುವುದೇ ಇಲ್ಲ. ರಾತ್ರಿ ಎರಡು ಗಂಟೆ ಹೊತ್ತು ಓಡುವ ಬ್ಯಾಕಪ್‌ಗೆ ಅರ್ಧ ಗಂಟೆಯಾದ ಮೇಲೆ ಕಾಣುತ್ತದೆ, ಆ ಬ್ಯಾಕಪ್ ಬೆಳಿಗ್ಗೆ ಆಫೀಸ್ ತೆರೆದ ಮೇಲೂ ಮುಗಿದಿರುವುದಿಲ್ಲ. ಟಿ3 ಸಾಲಿನ ಸಿಪಿಯು ಕ್ರೆಡಿಟ್ ಕತೆಯೂ ಇದೇ. ಟಿ3.ಮೀಡಿಯಂನಲ್ಲಿ ಎರಡು ವಿಸಿಪಿಯು ಇದ್ದರೂ ಸದಾ ಎಳೆಯಬಹುದಾದದ್ದು ಪ್ರತಿಯೊಂದರ ಶೇಕಡಾ 20. ಅದನ್ನು ಮೀರಿ ಓಡುತ್ತಲೇ ಇದ್ದರೆ ಬಿಲ್‌ನಲ್ಲಿ ಬೇರೆ ಸಾಲು ಬರುತ್ತದೆ. ಆದ್ದರಿಂದ ಟೆಸ್ಟ್ ಮಾಡುವಾಗ ನಿಮ್ಮ ಅತಿ ಉದ್ದದ ಕೆಲಸ ಎಷ್ಟು ಹೊತ್ತು ಓಡುತ್ತದೋ ಅಷ್ಟು ಹೊತ್ತು ಓಡಿಸಿ.

ಯಾವುದನ್ನು ಯಾವುದರ ಜೊತೆ ಒಯ್ಯಬೇಕು ಎನ್ನುವುದೂ ಅಳತೆಯ ಭಾಗವೇ. ಅಪ್ಲಿಕೇಶನ್ ಸರ್ವರ್ ಮುಂಬೈ ರೀಜನ್‌ಗೆ (ಕ್ಲೌಡ್‌ನ ಮುಂಬೈ ಕೇಂದ್ರಕ್ಕೆ) ಹೋಯಿತು, ಡೇಟಾಬೇಸ್ ಇನ್ನೂ ಬೆಂಗಳೂರಿನ ಸರ್ವರ್ ರೂಮಿನಲ್ಲೇ ಇದೆ ಅಂದುಕೊಳ್ಳಿ. ಹಳೆಯ ಇಆರ್‌ಪಿಯ ಒಂದು ಪರದೆ ತೆರೆಯಲು ಡೇಟಾಬೇಸ್‌ಗೆ ಒಂದರ ಹಿಂದೆ ಒಂದು 500 ಕ್ವೆರಿ (ಪ್ರಶ್ನೆ) ಹೋಗುವುದು ದೊಡ್ಡ ವಿಷಯವಲ್ಲ. ಒಂದೇ ಕೋಣೆಯಲ್ಲಿ ಪ್ರತಿ ಸಲ ಅರ್ಧ ಮಿಲಿಸೆಕೆಂಡ್ ಆದರೆ ಒಟ್ಟು ಕಾಲು ಸೆಕೆಂಡ್. ನಡುವೆ 20 ಮಿಲಿಸೆಕೆಂಡ್ ಬಂದರೆ ಹತ್ತು ಸೆಕೆಂಡ್. ಎಷ್ಟು ದೊಡ್ಡ ಮಷೀನ್ ಕೊಟ್ಟರೂ ಈ ಹತ್ತು ಸೆಕೆಂಡ್ ಕರಗುವುದಿಲ್ಲ. ಯಾವ ವಿಎಂ ಯಾವುದರ ಜೊತೆ ಮಾತಾಡುತ್ತದೆ ಅಂತ ಕನಿಷ್ಠ ಒಂದು ತಿಂಗಳ ನೆಟ್‌ವರ್ಕ್ ದಾಖಲೆ ನೋಡಿ, ತುಂಬಾ ಮಾತಾಡುವವರನ್ನು ಒಂದೇ ರಾತ್ರಿ ಒಯ್ಯಿರಿ.

ಆ ರಾತ್ರಿಗೂ ಗಣಿತ ಇದೆ. 10 ಟಿಬಿ ಡೇಟಾವನ್ನು 100 ಎಂಬಿಪಿಎಸ್ ಲೈನ್‌ನಲ್ಲಿ ಕಳಿಸಲು, ಲೈನ್ ಪೂರ್ತಿ ನಿಮಗೇ ಸಿಕ್ಕರೂ, ಒಂಬತ್ತು ದಿನಕ್ಕಿಂತ ಜಾಸ್ತಿ ಬೇಕು. ಹಾಗಾಗಿ ಮೊದಲೇ ಪ್ರತಿ ಕಳಿಸಿ, ಬದಲಾವಣೆಗಳನ್ನು ಹಿಂದೆಯೇ ಕಳಿಸುತ್ತಾ ಇದ್ದು, ಕಟ್‌ಓವರ್ ರಾತ್ರಿ, ಅಂದರೆ ಹಳೆಯದು ನಿಲ್ಲಿಸಿ ಹೊಸದಕ್ಕೆ ಹೋಗುವ ರಾತ್ರಿ, ಕೊನೆಯ ಚೂರನ್ನು ಮಾತ್ರ ಸಾಗಿಸುವ ಹಾಗೆ ಮಾಡಿಕೊಳ್ಳಿ. ಹೊಸ ಅಕೌಂಟ್‌ಗಳಿಗೆ ಎಷ್ಟು ವಿಸಿಪಿಯು ಎನ್ನುವ ಕೋಟಾ ಇರುತ್ತದೆ. ಅದನ್ನು ಹೆಚ್ಚಿಸುವ ಅರ್ಜಿಯನ್ನೂ ವಾರಗಳ ಮೊದಲೇ ಹಾಕಿ. ನಿಮಗೆ ಬೇಕಾದ ಮಷೀನ್ ಸಾಲು ನೀವು ಆರಿಸಿದ ರೀಜನ್‌ನಲ್ಲಿ ಇದೆಯಾ ಅಂತಲೂ ನೋಡಿ. ಅಮೆಜಾನ್‌ಗೆ 2016ರಿಂದ ಮುಂಬೈ ಇದೆ, 2022ರಿಂದ ಹೈದರಾಬಾದ್ ಕೂಡ ಇದೆ. ಒಂದರಲ್ಲಿ ಇರುವುದೆಲ್ಲ ಇನ್ನೊಂದರಲ್ಲಿ ಇರಬೇಕು ಅಂತಿಲ್ಲ.

ಡೆವಲಪ್‌ಮೆಂಟ್ ಮಷೀನ್‌ಗಳ ಬಗ್ಗೆ ಒಂದೇ ಮಾತು. ವಾರಕ್ಕೆ 168 ಗಂಟೆ, ಜನ ಕೆಲಸ ಮಾಡುವುದು 50 ಗಂಟೆ. ಉಳಿದ ಹೊತ್ತು ಅವನ್ನು ಆಫ್ ಮಾಡಿ. ಅಝೂರ್‌ನಲ್ಲಿ ವಿಂಡೋಸ್ ಒಳಗಿನಿಂದ ಶಟ್‌ಡೌನ್ ಮಾಡಿದರೆ ಬಾಡಿಗೆ ನಿಲ್ಲುವುದಿಲ್ಲ, ಡಿಅಲೊಕೇಟ್ ಮಾಡಬೇಕು, ಅಂದರೆ ಮಷೀನ್‌ನ ಜಾಗವನ್ನು ಅಝೂರ್‌ಗೆ ಬಿಟ್ಟುಕೊಡಬೇಕು. ಯಾವ ಕ್ಲೌಡ್ ಆದರೂ ಡಿಸ್ಕ್ ಬಾಡಿಗೆ ನಡೆಯುತ್ತಲೇ ಇರುತ್ತದೆ.

ಇನ್ನು ಪ್ರಶ್ನೆಗಳು.

ಒಬ್ಬರು ಕೇಳಿದರು: "ಸರ್, ಮೂರು ವರ್ಷಕ್ಕೆ ಮೊದಲೇ ಒಪ್ಪಂದ ಮಾಡಿಕೊಂಡರೆ ತುಂಬಾ ರಿಯಾಯಿತಿ ಇದೆ ಅಂತಾರೆ. ಮೊದಲ ದಿನವೇ ಮಾಡಿಬಿಡೋಣವಾ?"

ಬೇಡ. ಮೊದಲ ದಿನ ನಿಮ್ಮ ಅಳತೆ ಇನ್ನೂ ಅಂದಾಜು. ತಪ್ಪು ಅಳತೆಯನ್ನು ಮೂರು ವರ್ಷಕ್ಕೆ ಕಟ್ಟಿಹಾಕಿಕೊಂಡರೆ ಸ್ವಂತ ಸರ್ವರ್ ಕೊಂಡ ಹಾಗೇ ಆಯಿತು. ಅಲ್ಲಿಗೆ ಹೋಗಿ ಕನಿಷ್ಠ ಎರಡು ಮೂರು ತಿಂಗಳು ಓಡಿಸಿ. ಮೆಮೊರಿ ಅಂಕಿ ಅಮೆಜಾನ್‌ನಲ್ಲಿ ತಾನಾಗಿ ಬರುವುದಿಲ್ಲ, ಕ್ಲೌಡ್‌ವಾಚ್ ಏಜೆಂಟ್ ಹಾಕಿದರೆ ಮಾತ್ರ ಬರುತ್ತದೆ, ಅದನ್ನು ಮೊದಲ ದಿನವೇ ಹಾಕಿ. ಎರಡು ಮೂರು ಸಲ 20ನೇ ತಾರೀಖು ದಾಟಿದ ಮೇಲೆ, ಎಷ್ಟೇ ಕಡಿಮೆಯಾದರೂ ಇಷ್ಟಂತೂ ಬೇಕು ಎನ್ನುವ ಭಾಗ ಎದ್ದು ಕಾಣುತ್ತದೆ. ಆ ಭಾಗಕ್ಕೆ ಒಪ್ಪಂದ ಮಾಡಿಕೊಳ್ಳಿ. ಅದೂ ಮೊದಲು ಒಂದು ವರ್ಷಕ್ಕೆ.

ಇನ್ನೊಬ್ಬರು ಲೈಸೆನ್ಸ್ ಬಗ್ಗೆ ಕೇಳಿದರು: "20ನೇ ತಾರೀಖಿಗೆ ಮಾತ್ರ 8 ಕೋರ್‌ಗೆ ಏರಿಸಿದರೆ ಎಸ್‌ಕ್ಯುಎಲ್ ಲೈಸೆನ್ಸ್ 4ಕ್ಕೆ ಇದ್ದರೆ ಸಾಕಾ?"

ಒಳ್ಳೆಯ ಪ್ರಶ್ನೆ. ನಿಮ್ಮದೇ ಲೈಸೆನ್ಸ್ ಒಯ್ದಿದ್ದರೆ ಸಾಲುವುದಿಲ್ಲ. ಮೂರು ದಿನ 8 ಕೋರ್ ಬಳಸಿದರೂ 8 ಕೋರ್‌ಗೆ ಲೈಸೆನ್ಸ್ ಇರಬೇಕು. ವಿಎಂ ಎಷ್ಟೇ ಸಣ್ಣದಿದ್ದರೂ ಕನಿಷ್ಠ 4 ಕೋರ್‌ನ ಲೈಸೆನ್ಸ್ ಬೇಕು ಎನ್ನುವ ನಿಯಮವೂ ಇದೆ, ಹಾಗಾಗಿ 2 ಕೋರ್‌ಗೆ ಇಳಿಸಿ ಲೈಸೆನ್ಸ್ ಉಳಿಸಲು ಆಗದು. ಲೈಸೆನ್ಸ್ ಸೇರಿಯೇ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಮಷೀನ್ ತೆಗೆದುಕೊಂಡರೆ ಮಾತ್ರ ಮೂರು ದಿನದ ಏರಿಕೆ ಮೂರು ದಿನದ ಖರ್ಚಿನಲ್ಲೇ ಮುಗಿಯುತ್ತದೆ. ಮೆಮೊರಿ, ಡಿಸ್ಕ್ ವೇಗ ಜಾಸ್ತಿ ಬೇಕು, ಕೋರ್ ಕಡಿಮೆ ಸಾಕು ಎನ್ನುವವರಿಗೆ ಇನ್ನೊಂದು ದಾರಿ ಇದೆ. ಅಝೂರ್‌ನಲ್ಲಿ ಕೋರ್ ಕಡಿಮೆ ಮಾಡಿದ ದೊಡ್ಡ ಮಷೀನ್‌ಗಳು ಸಿಗುತ್ತವೆ. ಅಮೆಜಾನ್‌ನಲ್ಲೂ ಮಷೀನ್ ಶುರು ಮಾಡುವಾಗ ಕೋರ್ ಸಂಖ್ಯೆ ಇಳಿಸಬಹುದು. ಮಷೀನ್ ಬಾಡಿಗೆ ಇಳಿಯುವುದಿಲ್ಲ, ಲೈಸೆನ್ಸ್ ಖರ್ಚು ಇಳಿಯುತ್ತದೆ. ಎಸ್‌ಕ್ಯುಎಲ್ ಸರ್ವರ್‌ನ ದುಬಾರಿ ಎಂಟರ್‌ಪ್ರೈಸ್ ಎಡಿಷನ್ ಆದರೆ ಮೊದಲು ಈ ಲೆಕ್ಕವನ್ನೇ ಹಾಕಿ, ವಿಎಂ ದರಪಟ್ಟಿಯನ್ನು ಆಮೇಲೆ ತೆರೆಯಿರಿ.